ಹತ್ತಿರ, ಸುಮಾರು, ದೂರ

ಫಾರಂ ಹಿಡಿದುಕೊಂಡು ಮನೆ ಮನೆ ಸುತ್ತುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಸಾರ್, ಜನ ಸರಿಯಾದ ಉತ್ತರವೇ ಕೊಡುವುದಿಲ್ಲವಲ್ಲ, ಏನು ಮಾಡುವುದು?" ಎಂದು ಕೇಳುತ್ತಾರೆ. ಕೊಡಬಾರದು ಎಂದೇ ನನ್ನ ಅಭಿಪ್ರಾಯ. ಕಂಕುಳಲ್ಲಿ ಚೀಲ, ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದ ಗುರುತಿಲ್ಲದ ಮನುಷ್ಯನಿಗೆ ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಒಲೆಗೆ ಏನು ಉರಿಸುತ್ತೀರಿ ಎಂಬುದನ್ನೆಲ್ಲ ಸಲೀಸಾಗಿ ಹೇಳಿಬಿಡುವವರನ್ನು ಕಂಡರೆ ನನಗೇ ಸಂಶಯ ಬರುತ್ತಿತ್ತು. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅಂಥ ಮನೆಗೆ ಎರಡನೇ ಸಲ ಹೋದದ್ದೂ ಇದೆ.

ಸಂಶಯ ನನಗೆ ಹುಟ್ಟಿನಿಂದ ಬಂದದ್ದು. ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿದರೆ ಮನೆಗೆ ಬಂದು ಮತ್ತೊಮ್ಮೆ ತೂಗಿ ನೋಡುವ ಜಾತಿ ನನ್ನದು. ಸರ್ವೆ ಕೆಲಸಕ್ಕೆ ಇದು ಒಳ್ಳೆಯ ಗುಣ ಎಂದು ಮೇಲಿನವರೂ ಹೇಳುತ್ತಿದ್ದರು. ಎರಡು ಬಡ್ತಿ ಸಿಕ್ಕಿತು, ಅದರ ಕಥೆ ಬೇಡ. ನಾನು ಬರೆಯಬೇಕೆಂದಿರುವುದು ಒಂದೇ ಒಂದು ಪ್ರಶ್ನೆಯ ಬಗ್ಗೆ. ಆ ಪ್ರಶ್ನೆ ನನ್ನ ಫಾರಮ್ಮಿನ ಮೂರನೇ ಪುಟದಲ್ಲಿತ್ತು.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ನಮ್ಮದು ಬೇರೆ ಜಿಲ್ಲೆ ಆಯಿತು. ಅಲ್ಲಿಯ ತನಕ ಯಾವ ದೊಡ್ಡ ಕೆಲಸಕ್ಕೂ ಮಂಗಳೂರಿಗೆ ಓಡುತ್ತಿದ್ದವರಿಗೆ ಉಡುಪಿಯೇ ದೊಡ್ಡ ಊರಾಯಿತು. ಆಗ ನಮ್ಮ ಕಚೇರಿಗೆ ಹೊಸ ಫಾರಂ ಬಂತು. "ನಿಮ್ಮ ಅನಿಸಿಕೆಯಲ್ಲಿ ದೊಡ್ಡ ನಗರ ನಿಮ್ಮ ಮನೆಯಿಂದ ಎಷ್ಟು ದೂರ?" ಎಂದು ಕೇಳಿ ಕೆಳಗೆ ಮೂರು ಚೌಕ ಕೊಟ್ಟಿದ್ದರು. ಹತ್ತಿರ, ಸುಮಾರು, ದೂರ. ಒಂದಕ್ಕೆ ಗೀಟು ಹಾಕಬೇಕು. ಮೈಲಿ ಬೇಡ, ಕಿಲೋಮೀಟರ್ ಬೇಡ, ಗಂಟೆಯೂ ಬೇಡ. ನಮ್ಮ ಮೇಲಧಿಕಾರಿ ಜೋಯಿಸರು, ಶಿವಮೊಗ್ಗ ಕಡೆಯವರು, ನಮ್ಮನ್ನೆಲ್ಲ ಕೂರಿಸಿಕೊಂಡು, "ನಿಮ್ಮ ಬುದ್ಧಿ ಅಲ್ಲಿ ಓಡಿಸಬೇಡಿ. ಅವರಿಗೆ ಏನು ಅನ್ನಿಸುತ್ತದೋ ಅದನ್ನೇ ಬರೆಯಿರಿ. ಪ್ರಶ್ನೆ ಯಾಕೆ ಅಂತ ಅವರು ಕೇಳಿದರೆ ಹೇಳುವ ಹಾಗಿಲ್ಲ" ಎಂದರು. ಯಾಕೆ ಎಂದು ನಮಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಮೊದಲ ಪಾಳಿ ಬ್ರಹ್ಮಾವರ. ಅಲ್ಲಿಂದ ಉಡುಪಿಗೆ ಬಸ್ಸು ಹತ್ತಿದರೆ ಟಿಕೇಟು ಹರಿದು ಕೈಗೆ ಬರುವಷ್ಟರಲ್ಲಿ ಊರು ಬಂದುಬಿಡುತ್ತದೆ ಎಂದು ತಮಾಷೆ ಮಾಡುತ್ತಿದ್ದ ಕಾಲ. ಹೆದ್ದಾರಿಯ ಬದಿಯಲ್ಲಿ ಅಂಗಡಿ ಇಟ್ಟಿದ್ದ ಸುಧಾಕರ ಶೆಟ್ಟರು ನನ್ನನ್ನು ಕೂರಿಸಿ, ಎಳನೀರಿನ ಬೊಂಡ ಕೆತ್ತಿಸಿ ಕೊಟ್ಟು, ಎಲ್ಲದಕ್ಕೂ ಉತ್ತರ ಹೇಳಿದರು. ಮೂರನೇ ಪುಟಕ್ಕೆ ಬಂದ ಕೂಡಲೇ ಮುಖ ಗಂಟಿಕ್ಕಿದರು.

"ದೂರ ಮಾರಾಯ್ರೆ. ಸಮಾ ದೂರ."

"ನಾನು ಕೇಳಿದ್ದು ಉಡುಪಿ, ಶೆಟ್ರೆ, ಮಂಗಳೂರಲ್ಲ."

"ಉಡುಪಿಯೇ. ಹೋಪುಕೆ ಬಪ್ಪುಕೆ ಒಂದ್ ದಿನ ಬೇಕ್. ಬರ್ಕಣಿ, ದೂರ."

ನಾನು ಗೀಟು ಹಾಕಿ ಹೊರಗೆ ಬಂದರೆ ಅವರದೇ ಗೇಟಿನ ಪಕ್ಕದಲ್ಲಿ, ಅವರದೇ ಗದ್ದೆಯ ಅಂಚಿನಲ್ಲಿ ಒಂದು ಬೋರ್ಡು ನಿಂತಿತ್ತು. ಮನೆ ನಿವೇಶನಗಳು ಮಾರಾಟಕ್ಕಿವೆ, ಉಡುಪಿಗೆ ಹತ್ತೇ ನಿಮಿಷ. ಆ ಸಾಲಿನ ಮೂವತ್ತು ಮನೆಯವರಲ್ಲಿ ಇಪ್ಪತ್ತೆಂಟು ಮಂದಿ ದೂರ ಎಂದರು. ಆಮೇಲೆ ತಿಳಿಯಿತು, ಹತ್ತಿರ ಎಂದು ಹೇಳಿದವರನ್ನೆಲ್ಲ ನಗರಕ್ಕೆ ಸೇರಿಸಿ ಮನೆ ತೆರಿಗೆ ಏರಿಸುತ್ತಾರೆ ಎಂದು ಯಾರೋ ಹಿಂದಿನ ದಿನವೇ ಗಾಳಿಸುದ್ದಿ ಎಬ್ಬಿಸಿದ್ದರು.

ಇನ್ನೊಂದು ಸಲ ನಮ್ಮ ಜಿಲ್ಲೆಯದೇ, ಘಟ್ಟದ ಬುಡದ ಸಿದ್ದಾಪುರದ ಕಡೆ ಹೋಗಿದ್ದೆ. ಅಲ್ಲಿ ಸಿಕ್ಕವರು ಒಬ್ಬ ಒಳ್ಳೆಯ ಜಮೀನುದಾರರು, ಅವರ ಇಬ್ಬರು ಅಣ್ಣಂದಿರು ಮುಂಬಯಿಯಲ್ಲಿ ಹೋಟೆಲು ಇಟ್ಟವರು. ನಿಮಗೆ ಹತ್ತಿರದ ದೊಡ್ಡ ನಗರ ಯಾವುದು ಎಂದು ಕೇಳಿದೆ.

"ಬೊಂಬಾಯಿ."

ನಾನು ಪೆನ್ನು ಕೆಳಗಿಟ್ಟು ಅವರ ಮುಖ ನೋಡಿದೆ.

"ಎಂತ ಕಾಂತ್ರಿ? ಸಾಯಂಕಾಲ ಇಲ್ಲೇ ಬಸ್ ಹತ್ತ್ರೆ ಮರ್‌ದಿನ ಮಧ್ಯಾಹ್ನ ಊಟ ಅಣ್ಣನ್ ಹೋಟ್ಲಗೆ. ಮಂಗ್ಳೂರಿಗ್ ಹೋಪುಕೆ ಎರಡ್ ಸಲ ಬಸ್ ಬದ್ಲ್ ಮಾಡ್ಕ್, ಹೋರೆ ಅಲ್ಲಿ ಚಾ ಕೊಡುವರ್ ಯಾರ್ ಇದ್ರ್ ನಂಗೆ?"

ಅವರ ಅನಿಸಿಕೆ ಬರೆಯಬೇಕು ಎಂಬುದು ಆಜ್ಞೆ. ಬರೆದೆ. ಮುಂಬಯಿ, ಹತ್ತಿರ. ಜೋಯಿಸರು ಆ ಫಾರಂ ಮೇಲೆ ಕೆಂಪು ಶಾಯಿಯಲ್ಲಿ "ಭೂಗೋಳ ಓದಿಕೊಳ್ಳಿ" ಎಂದು ಬರೆದು ನನ್ನ ಮೇಜಿಗೆ ಎಸೆದರು. ಅಷ್ಟಕ್ಕೇ ಬಿಡಲಿಲ್ಲ, ಜೀಪು ಮಾಡಿಸಿಕೊಂಡು ತಾವೇ ಸಿದ್ದಾಪುರಕ್ಕೆ ಹೋದರು. ಜೀಪಿನಿಂದ ಇಳಿದ ಸಾಹೇಬರಿಗೆ ಅದೇ ಮನುಷ್ಯ ಕೈ ಮುಗಿದು, "ಉಡುಪಿ ಸ್ವಾಮಿ, ಸುಮಾರು ದೂರ" ಎಂದು ಪಾಠ ಒಪ್ಪಿಸಿದರಂತೆ. ಅಂದಿನಿಂದ ನಾನು ಚಾದಂಗಡಿಯಲ್ಲಿ ಕೂತು ಫಾರಂ ತುಂಬುತ್ತೇನೆ ಎಂಬ ಸಂಶಯ ಅವರ ತಲೆ ಹೊಕ್ಕಿತು. ನಾನು ಕೊಟ್ಟ ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುವರು. ಅಕ್ಷರ ಒಂದೇ ತೆರನಾಗಿದ್ದರೆ ಒಂದೇ ಕಡೆ ಕೂತು ಬರೆದದ್ದು ಎಂದರ್ಥ. ಕಡಲ ಬದಿಯ ಕೇರಿಗಳಿಂದ ಬಂದ ಫಾರಮ್ಮನ್ನು ಮೂಸಿ ನೋಡುವರು, ಮೀನಿನ ವಾಸನೆ ಇದ್ದರೆ ಅಸಲಿ. ಇದು ಸುಳ್ಳಲ್ಲ, ನನ್ನ ಕಣ್ಣೆದುರಿಗೇ ಮೂಸಿದ್ದಾರೆ. ನನಗೆ ಸಿಟ್ಟು ಬಂದಿತ್ತು, ಆದರೆ ಅವರ ಜಾಗದಲ್ಲಿ ನಾನಿದ್ದರೆ ನಾನೂ ಮೂಸುತ್ತಿದ್ದೆ.

ಆ ಪೆಟ್ಟಿನಿಂದ ಒಂದು ವಿಷಯ ಕಲಿತೆ. ದೂರ ಎಷ್ಟು ಎಂಬುದು ಕೇಳುವವನು ಯಾರು ಎಂಬುದರ ಮೇಲಿದೆ. ಹೆಣ್ಣು ನೋಡಲು ಬಂದವರಿಗೆ ಹೇಳುವ ದೂರ ಬೇರೆ, ಸಾಲ ಕೇಳಲು ಬಂದ ನೆಂಟನಿಗೆ ಹೇಳುವುದು ಬೇರೆ, ಸರಕಾರಕ್ಕೆ ಹೇಳುವುದು ಬೇರೆಯೇ. ಇಷ್ಟು ಕಲಿತವನು ಅದನ್ನು ಬಳಸಿಕೊಳ್ಳಬೇಕಿತ್ತು. ನಾನು ಮಾಡಿದ್ದು ಅದಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಅದೇ ಫಾರಂ ಹಿಡಿದು ಬೈಂದೂರಿನ ದಾರಿಯಲ್ಲಿ ಕಡಲ ಬದಿಯ ಒಂದು ಕೇರಿಗೆ ಹೋದೆ. ಕೇರಿಯ ಹೆಸರು ಬೇಡ. ನಲವತ್ತು ಮನೆ, ಎಲ್ಲರೂ ಮೀನಿನವರು. ಹೆದ್ದಾರಿಯಿಂದ ಇಳಿದು ಹೊಯಿಗೆಯಲ್ಲಿ, ಕಾಲು ಹೂಳುವ ಮರಳಿನಲ್ಲಿ, ಅರ್ಧ ಗಂಟೆ ನಡೆಯಬೇಕು. ಅಲ್ಲಿ ಸರಕಾರದ್ದು ಅಂತ ಇದ್ದದ್ದು ಎರಡೇ. ಒಂದು ಕಿರಿಯ ಪ್ರಾಥಮಿಕ ಶಾಲೆ, ಇನ್ನೊಂದು ಹಂಚಿನ ಮಾಡಿನ ಸಣ್ಣ ಆರೋಗ್ಯ ಉಪಕೇಂದ್ರ. ಉಪಕೇಂದ್ರದಲ್ಲಿ ನಳಿನಿ ಎಂಬ ನರ್ಸು ವಾಸವಿದ್ದರು. ಕೇರಿಯವರಿಗೆ ಅವರು ಬರೀ ಸಿಸ್ಟರ್. ಅಲ್ಲಿಯ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು.

ಮೊದಲ ಮನೆ ಗುಲಾಬಿಯದು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿ ಮೀನು ಮಾರಿ ಬರುವವಳು. ಕೇರಿಯಲ್ಲಿ ಪೇಟೆಯ ವಿಷಯ ಏನಿದ್ದರೂ ಅವಳ ಮಾತೇ ಕೊನೆ. ನಾನು ಜಗಲಿಯಲ್ಲಿ ಕೂರುವಷ್ಟರಲ್ಲಿ ಅಕ್ಕಪಕ್ಕದ ಹತ್ತು ಹೆಂಗಸರು ಬಂದು ನಿಂತರು.

"ಎಂತಕ್ಕೆ ಇದೆಲ್ಲ ಕೇಂಬುದ್?" ಎಂದಳು ಗುಲಾಬಿ.

ಆಗ ನಾನು ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ಮಾಡಿದೆ. "ಸುಮ್ಮನೆ ಗುಲಾಬಕ್ಕ, ಇದರಿಂದ ನಿಮಗೇನೂ ಆಗುವುದಿಲ್ಲ" ಎಂದೆ. ಹೊಸಬರೇ, ಈ ಮಾತನ್ನು ಯಾವ ಮನೆಯ ಜಗಲಿಯಲ್ಲೂ ಆಡಬೇಡಿ. ಏನೂ ಆಗದ ವಿಷಯಕ್ಕೆ ಸರಕಾರ ಬಿಸಿಲಲ್ಲಿ ಮನುಷ್ಯನನ್ನು ಕಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂರನೇ ಪುಟ ಬಂತು. ಉಡುಪಿ ಎಷ್ಟು ದೂರ ಎಂದು ಕೇಳಿದೆ. ಆ ಕೇರಿಯಿಂದ ಉಡುಪಿಗೆ ಹೋಗಬೇಕಾದರೆ ನಡೆದು, ಬಸ್ಸು ಹತ್ತಿ, ಕುಂದಾಪುರದಲ್ಲಿ ಇಳಿದು ಮತ್ತೊಂದು ಹತ್ತಬೇಕು. ಅರ್ಧ ದಿನದ ಹಾದಿ.

"ಹತ್ರ," ಎಂದಳು ಗುಲಾಬಿ.

"ಹತ್ತಿರವಾ?"

"ಹತ್ರವೇ ಮರ್ರೆ. ಬೆಳಿಗ್ಗೆ ಹೊತ್ಕಂಡ್ ಹೋರೆ ಮೀನಿನ್ ಕಣ್ಣ್ ಕೆಂಪಾಪುಕೆ ಮುಂಚೆ ಮುಟ್ಟತ್ತ್. ಐಸ್ ಸಾ ಬ್ಯಾಡ."

ಸುತ್ತ ನಿಂತವರು ತಲೆಯಾಡಿಸಿದರು. ಸುಳ್ಳು ಎಂದು ನನಗೆ ಅಲ್ಲೇ ಗೊತ್ತಾಯಿತು. ಅವಳು ಹೋಗುವುದು ಕುಂದಾಪುರಕ್ಕೆ, ಉಡುಪಿಗಲ್ಲ. ಆದರೂ ಗೀಟು ಹಾಕಿದೆ. ಮುಂಬಯಿ ಹತ್ತಿರ ಎಂದು ಬರೆದು ಉಗಿಸಿಕೊಂಡವನು, ಇನ್ನು ಜಗಳ ಯಾಕೆ ಎಂಬ ಸೋಮಾರಿತನವೂ ಇತ್ತು. ನಲವತ್ತು ಮನೆಗೆ ನಲವತ್ತೂ ಹತ್ತಿರ ಎಂದವು. ಹಿಂದಿರುಗುವಾಗ ಸಿಸ್ಟರ್ ಉಪಕೇಂದ್ರದ ಮೆಟ್ಟಿಲ ಮೇಲೆ ನಿಂತಿದ್ದರು. ಇದೇನು ಹೀಗೆ ಎಂದು ಕೇಳಿದೆ.

"ನಗರದ ಕಸ ತಂದು ಹಾಕಲು ದೂರದ ಜಾಗ ಹುಡುಕುತ್ತಿದ್ದಾರೆ ಅಂತ ಸುದ್ದಿ ಬಂದಿದೆ ಸಾರ್. ನೀವು ಅದಕ್ಕೇ ಬಂದವರು ಅಂತ ಇವರ ಲೆಕ್ಕ. ದೂರ ಅಂದರೆ ಲಾರಿ ಬರುತ್ತದೆ ಅಂತ ಹೆದರಿಕೆ," ಎಂದು ನಕ್ಕರು. ನಾನೂ ನಕ್ಕೆ.

ನಗು ಬಂದದ್ದು ಅದೇ ಕೊನೆ. ಒಂದೂವರೆ ವರ್ಷದ ಮೇಲೆ ನಮ್ಮ ಫಾರಮ್ಮುಗಳೆಲ್ಲ ಒಟ್ಟಾಗಿ ಒಂದು ಪಟ್ಟಿಯಾಗಿ ಮೇಲಿನಿಂದ ಇಳಿದು ಬಂದವು. ನಗರಕ್ಕೆ ಹತ್ತಿರದ ಊರುಗಳು, ದೂರದ ಊರುಗಳು. ಹತ್ತಿರದವರು ಬೇಕಾದಾಗ ದೊಡ್ಡಾಸ್ಪತ್ರೆಗೆ ಹೋಗಿಬರಬಹುದು, ಅಲ್ಲಿ ನರ್ಸು ವಾಸ ಇರಬೇಕಾಗಿಲ್ಲ ಎಂದು ಯಾರೋ ತೀರ್ಮಾನ ಮಾಡಿದ್ದರು. ಕಡಲ ಕೇರಿಯ ಸಿಸ್ಟರ್ ಅವರನ್ನು ದೂರದ ಊರಿಗೆ ವರ್ಗ ಮಾಡಿದರು. ಯಾವ ಊರು ಎಂದು ಹುಡುಕಿದೆ. ಬ್ರಹ್ಮಾವರದ ಪಕ್ಕ, ಶೆಟ್ಟರ ಬೋರ್ಡಿನಿಂದ ಸ್ವಲ್ಪ ಆಚೆ.

ಆ ಮಳೆಗಾಲ ಮುಗಿಯುವಾಗ ಗುಲಾಬಿಯ ದೊಡ್ಡ ಮಗಳು ಚೊಚ್ಚಲ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಹಗಲು ಹನ್ನೊಂದು ಗಂಟೆಗೆ ನೋವು ಸುರುವಾಯಿತು. ಉಪಕೇಂದ್ರಕ್ಕೆ ಬೀಗ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊಯಿಗೆಯಲ್ಲಿ ಹೊತ್ತು ಹೆದ್ದಾರಿಗೆ ತಂದು ರಿಕ್ಷಾ ಹತ್ತಿಸಿದರು. ಕುಂದಾಪುರ ಮುಟ್ಟುವ ಮೊದಲೇ, ರಿಕ್ಷಾದಲ್ಲೇ ಹೆರಿಗೆಯಾಯಿತು. ಮಗು ಉಳಿಯಿತು. ತಾಯಿಯೂ ಉಳಿದಳು, ಆದರೆ ರಕ್ತ ಬಹಳ ಹೋಗಿ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ರಿಕ್ಷಾದವನು ನಮ್ಮ ಕಚೇರಿಯ ಎದುರಿನ ನಿಲ್ದಾಣದವನೇ. ಇದೆಲ್ಲ ಅವನ ಬಾಯಿಂದಲೇ ಕೇಳಿದೆ.

ಜೋಯಿಸರ ಹತ್ತಿರ ಹೋಗಿ, ಆ ನಲವತ್ತು ಫಾರಂ ತಪ್ಪು, ತಿದ್ದಬೇಕು ಎಂದೆ.

"ತಪ್ಪು ಅಂತ ಯಾವಾಗ ಗೊತ್ತಾಯ್ತು ನಿಮಗೆ?"

"ಬರೆಯುವಾಗಲೇ ಸಾರ್."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಹಾಗಾದರೆ ಆಗ ಯಾಕೆ ಹೇಳಲಿಲ್ಲ?"

ಅವರು ಕೆಟ್ಟವರಲ್ಲ. ಕನ್ನಡಕ ಮತ್ತೆ ಏರಿಸಿಕೊಂಡು, "ಹಳೆಯದು ತಿದ್ದಲು ಬರುವುದಿಲ್ಲ. ಮುಂದಿನ ಸುತ್ತಿಗೆ ಆ ಕೇರಿ ನಿಮಗೇ ಹಾಕುತ್ತೇನೆ. ಈ ಸಲ ನಿಜ ಬರೆಸಿಕೊಂಡು ಬನ್ನಿ, ನರ್ಸನ್ನು ವಾಪಸ್ಸು ಕಳಿಸುವ ಜವಾಬ್ದಾರಿ ನನ್ನದು. ಆದರೆ ಅವರ ಬಾಯಿಂದಲೇ ಬರಬೇಕು. ನೀವು ಹೇಳಿಕೊಟ್ಟಿರೋ, ನಾನೇ ಹಿಡಿಯುತ್ತೇನೆ" ಎಂದರು.

ಮುಂದಿನ ಸುತ್ತು ಬರುವಾಗ ಮತ್ತೆರಡು ವರ್ಷ ಕಳೆದಿತ್ತು. ಅಷ್ಟರಲ್ಲಿ ಫಾರಂ ಬದಲಾಗಿತ್ತು. ಗೀಟಿನ ಬದಲು ಪೆನ್ಸಿಲಿನಲ್ಲಿ ಗುಂಡಿ ಕಪ್ಪು ಮಾಡುವುದು. ನಾನು ಕೆಲಸ ಬಿಡುವ ಹೊತ್ತಿಗೆ ಅದೂ ಹೋಗಿ ಕೈಯಲ್ಲಿ ಹಿಡಿಯುವ ಯಂತ್ರ ಬಂತು. ಯಂತ್ರಕ್ಕೆ ವಾಸನೆ ಹತ್ತುವುದಿಲ್ಲವಾದ್ದರಿಂದ ಮೇಲಧಿಕಾರಿಗಳು ಈಗ ಏನನ್ನು ಮೂಸುತ್ತಾರೋ ನನಗೆ ಗೊತ್ತಿಲ್ಲ.

ಪೆನ್ಸಿಲ್ ಹೆರೆದುಕೊಂಡು ಕೇರಿಗೆ ಹೋದೆ. ಹೊಯಿಗೆಯಲ್ಲಿ ನಡೆಯುವಾಗ ಕಾಲು ಹಿಂದೆ ಹಿಂದೆ ಎಳೆಯುತ್ತಿತ್ತು. ಗುಲಾಬಿ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಳು. ಜಗಲಿಯಲ್ಲಿ ಎರಡನೇ ಮಗಳು ಕೂತಿದ್ದಳು. ಅವಳಿಗೆ ಏಳು ತಿಂಗಳು ಎಂಬುದು ನೋಡಿದರೆ ತಿಳಿಯುತ್ತಿತ್ತು. ಕುರ್ಚಿ ಬರಲಿಲ್ಲ, ನೀರೂ ಬರಲಿಲ್ಲ. ಹಿಂದಿನಂತೆಯೇ ಹೆಂಗಸರು ಬಂದು ಸುತ್ತ ನಿಂತರು, ಈ ಸಲ ಹಿಂದೆ ನಾಲ್ಕು ಜನ ಗಂಡಸರೂ ಇದ್ದರು. ನಾನು ಫಾರಂ ತೆಗೆದೆ.

"ಹ್ವಾಯ್, ಒಂದ್ ಗಳ್ಗಿ," ಎಂದಳು ಗುಲಾಬಿ. "ಹೋದ್ ಸಲ ಹತ್ರ ಅಂದಿತ್. ಸಿಸ್ಟರ್ ಹೋದ್ರ್. ಈ ಸಲ ದೂರ ಅಂದ್ರೆ ಎಂತ ಹೋತ್ತ್? ಶಾಲಿ ಹೋತ್ತಾ?"

"ಹಾಗೇನಿಲ್ಲ ಗುಲಾಬಕ್ಕ."

"ಕಸದ್ ಲಾರಿ ಬತ್ತಾ?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ದಿದ್ದರ್ ಎಂತಕ್ಕೆ ಬಪ್ಪುದ್? ನೀವೇ ಹೇಳಿ, ಎಂತ ಹೇಳ್ರೆ ಎಂತ ಆತ್ತ್?"

"ನಾನು ಹೇಳುವ ಹಾಗಿಲ್ಲ."

ಗಂಡಸರಲ್ಲಿ ಒಬ್ಬ ಒಂದು ಹೆಜ್ಜೆ ಮುಂದೆ ಬಂದ. ಗುಲಾಬಿ ಕೈ ಒರೆಸಿಕೊಂಡು ಎದ್ದು ನಿಂತಳು.

"ಸರಿ. ನೀವೇ ಕೇಂತಾ ಇದ್ರಿ ಯಾವಾಗ್ಲೂ. ಈಗ ನಾನ್ ಕೇಂತೆ. ನಿಮ್ ಮನಿ ಎಲ್ಲಿ? ಇಲ್ಲಿಂದ ಎಷ್ಟ್ ದೂರ?"

ಇವರು ಮನೆಗೆ ಬರುತ್ತಾರೆ, ಜನ ಕಟ್ಟಿಕೊಂಡು ಬರುತ್ತಾರೆ, ಗೇಟಿನಲ್ಲಿ ನಿಂತು ಆ ರಿಕ್ಷಾದ ಕಥೆ ಹೇಳುತ್ತಾರೆ, ಹೆಂಡತಿ ಕೇಳಿಸಿಕೊಳ್ಳುತ್ತಾಳೆ. ಒಂದು ಉಸಿರಿನಲ್ಲಿ ಇಷ್ಟೆಲ್ಲ ತಲೆಗೆ ಬಂತು.

"ತುಂಬ ದೂರ. ಬ್ರಹ್ಮಾವರದಿಂದಲೂ ಆಚೆ," ಎಂದೆ.

ಗುಲಾಬಿ ನನ್ನನ್ನು ನೋಡುತ್ತಲೇ ಇದ್ದಳು.

"ಕುಂದಾಪ್ರದಗೆ ಹೈಸ್ಕೂಲ್ ಹಿಂದಿನ್ ಓಣಿ. ಎರಡ್ನೇ ಮನಿ. ಹಸ್ರ್ ಗೇಟ್. ನಿಮ್ ಹೆಂಡ್ತಿಗೆ ಬಂಗ್ಡಿ ಆತಿಲ್ಲೆ, ಶೆಟ್ಲಿ ಆರೆ ಎಷ್ಟಿದ್ರೂ ತಕಂತ್ರ್. ಎಂಟ್ ವರ್ಷ ಆಯ್ತ್ ನಾನ್ ಅಲ್ಲಿ ಬುಟ್ಟಿ ಇಳ್ಸುಕೆ ಸುರು ಮಾಡಿ."

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಎಂಟು ವರ್ಷದಿಂದ ಗೇಟಿನ ಹೊರಗೆ ಬುಟ್ಟಿ ಇಳಿಸುವವಳ ಮುಖವನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಕಣ್ಣು ಕೆಳಗೆ ಹಾಕಿ ನಿಂತೆ.

"ಎಂತಕ್ಕೆ ಸುಳ್ಳ್ ಹೇಳ್ರಿ?" ಎಂದಳು, ಮೆತ್ತಗೆ.

"ಹೆದರಿಕೆಯಾಯಿತು."

"ನಮ್ಗೂ ಅಷ್ಟೇ ಮರ್ರೆ."

ನಾನು ಫಾರಂ ಮಡಚಿಟ್ಟೆ. ನಿಯಮ ಗಿಯಮ ಎಲ್ಲ ಬದಿಗಿಟ್ಟು ಗೊತ್ತಿದ್ದದ್ದನ್ನು ಪೂರ್ತಿ ಹೇಳಿಬಿಟ್ಟೆ. ಪಟ್ಟಿ ಹೇಗಾಯಿತು, ಸಿಸ್ಟರ್ ಯಾಕೆ ಹೋದರು, ಎಲ್ಲಿಗೆ ಹೋದರು, ಈ ಸಲ ನಿಜ ಹೇಳಿದರೆ ಅವರನ್ನು ವಾಪಸ್ಸು ತರಿಸುತ್ತೇನೆ ಎಂದು ಸಾಹೇಬರು ಮಾತು ಕೊಟ್ಟದ್ದು. ಸುಳ್ಳು ಎಂದು ಗೊತ್ತಿದ್ದೂ ನಾನು ಗೀಟು ಹಾಕಿದ್ದನ್ನೂ ಹೇಳಿದೆ. ಮುಂದೆ ಬಂದಿದ್ದ ಗಂಡಸು ಹಿಂದೆ ಸರಿದ.

ಗುಲಾಬಿ ಮಗಳ ಕಡೆ ನೋಡಿದಳು.

"ನಿಮ್ ಸಾಯ್ಬ್ರ್ ತರ್ಸುಕೆ ಎಷ್ಟ್ ದಿನ?"

"ಒಂದು ವರ್ಷ ಆಗಬಹುದು."

"ಇದ್ರ್ ಹೆರ್ಗಿಗೆ ಇನ್ ಎರಡ್ ತಿಂಗ್ಳ್." ದನಿ ತಗ್ಗಿಸಿ ಹೇಳಿದಳು. "ನಿಮ್ ಮನಿಯಿಂದ ಆಸ್ಪತ್ರಿಗೆ ನಡ್ಕಂಡ್ ಹೋಪಷ್ಟೇ. ದಿನ ತುಂಬುವತ್ತಿಗೆ ಒಂದ್ ಎಂಟ್ ಹತ್ ದಿನ ಇವ್ಳನ್ ನಿಮ್ ಮನಿಯಗೆ ಇರ್ಸ್ಕಂತ್ರ್ಯಾ? ಹಿಂದಿನ್ ಜಗ್ಲಿ ಆರೂ ಅಡ್ಡಿಲ್ಲೆ. ನಾನ್ ಬೆಳಿಗ್ಗೆ ಬಂದ್ ಊಟ ಕೊಟ್ಟ್ ಹೋತೆ."

ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇತ್ತು. ಆದರೂ ನನ್ನ ಬಾಯಿಂದ ಬಂದದ್ದು ಪ್ರಶ್ನೆಗಳು. ಜೊತೆಗೆ ಯಾರು ಇರುತ್ತಾರೆ? ಗಂಡನ ಮನೆಯವರು ಬರುತ್ತಾರಾ? ಏನಾದರೂ ಹೆಚ್ಚುಕಮ್ಮಿ ಆದರೆ? ಮುಂದೆ ಯಾರೂ ನನ್ನ ಮೇಲೆ ಹೇಳಬಾರದಲ್ಲ? ಫಾರಂ ಓದಿದ ಹಾಗೆ ಒಂದರ ಹಿಂದೆ ಒಂದು ಕೇಳಿದೆ. ಮೂವತ್ತು ವರ್ಷದ ಅಭ್ಯಾಸ. ಗುಲಾಬಿ ಮೊದಲನೆಯದಕ್ಕೆ ಉತ್ತರಿಸಿದಳು, ಎರಡನೆಯದಕ್ಕೂ ಉತ್ತರಿಸಿದಳು. ಮೂರನೆಯದಕ್ಕೆ ಕೈ ಅಡ್ಡ ಮಾಡಿದಳು.

"ಬ್ಯಾಡ ಬಿಡಿ. ನೀವ್ ಮೊದ್ಲ್ ಹೇಳ್ದದ್ದೇ ಸಮ. ನಿಮ್ ಮನಿ ದೂರವೇ."

ಮತ್ತೆ ಒಣಮೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಉಡುಪಿಯೂ ದೂರ. ಬರ್ಕಣಿ."

ನಲವತ್ತು ಮನೆಯವರೂ ದೂರ ಎಂದರು. ನಲವತ್ತು ಗುಂಡಿ ಕಪ್ಪು ಮಾಡಿದೆ. ಜೋಯಿಸರು ಮೂಸಲಿಲ್ಲ, ಮಾತು ಉಳಿಸಿಕೊಂಡರು. ಹದಿನಾಲ್ಕು ತಿಂಗಳ ಮೇಲೆ ಸಿಸ್ಟರ್ ವಾಪಸ್ಸು ಬಂದರು. ಇದನ್ನು ನನ್ನ ಸೇವೆಯ ದೊಡ್ಡ ಸಾಧನೆ ಎಂದು ಬೀಳ್ಕೊಡುಗೆಯ ದಿನ ಯಾರೋ ಭಾಷಣದಲ್ಲಿ ಹೇಳಿದರು, ಜನ ಚಪ್ಪಾಳೆಯನ್ನೂ ತಟ್ಟಿದರು.

ಗುಲಾಬಿಯ ಎರಡನೇ ಮಗಳಿಗೆ ಸಿಸ್ಟರ್ ಸಿಗಲಿಲ್ಲ. ದಿನ ತುಂಬುವ ಮೊದಲೇ ಅವಳನ್ನು ಕುಂದಾಪುರದ ಆಸ್ಪತ್ರೆಗೆ ಕರೆತಂದರು. ಒಳಗೆ ಸೇರಿಸಿಕೊಳ್ಳಲು ಇನ್ನೂ ಸಮಯವಿದೆ ಎಂದರಂತೆ, ತಾಯಿ ಮಗಳು ಹೊರಗಿನ ಜಗಲಿಯಲ್ಲೇ ಚಾಪೆ ಹಾಸಿಕೊಂಡು ಹನ್ನೆರಡು ದಿನ ಕಳೆದರು. ಆ ದಿನಗಳಲ್ಲಿ ನಮ್ಮ ಓಣಿಗೆ ಬುಟ್ಟಿ ಬರಲಿಲ್ಲ. ಹೆಂಡತಿ ಎರಡು ಸಲ ಕೇಳಿದಳು, "ಗುಲಾಬಿ ಯಾಕೆ ಕಾಣುವುದಿಲ್ಲ?" ಎಂದು. ನನಗೇನು ಗೊತ್ತು ಎಂದೆ. ನನ್ನ ಮನೆಯಿಂದ ಕಚೇರಿಗೆ ಹೋಗುವ ದಾರಿ ಆ ಆಸ್ಪತ್ರೆಯ ಜಗಲಿಯ ಎದುರಿಗೇ ಹಾದು ಹೋಗುತ್ತದೆ. ಹನ್ನೆರಡು ದಿನವೂ ನಾನು ಊರು ಸುತ್ತಿಕೊಂಡು ಬೇರೆ ದಾರಿಯಲ್ಲಿ ಹೋದೆ.